ಕೆಲಸದ ಸದ್ದಿಗೆ ಕಿವಿ ಹೋದರೆ ಪರಿಹಾರ ಯಾರಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆರಳು ಯಂತ್ರಕ್ಕೆ ಸಿಕ್ಕಿದರೆ ರಕ್ತ ಕಾಣುತ್ತದೆ, ನಾಲ್ಕು ಜನ ಓಡಿ ಬರುತ್ತಾರೆ, ಅಪಘಾತದ ವರದಿ ಅದೇ ದಿನ ಹೋಗುತ್ತದೆ. ಕಿವಿಯ ವಿಷಯ ಹಾಗಲ್ಲ. ಹತ್ತು ಹನ್ನೆರಡು ವರ್ಷ ಪವರ್‌ಲೂಮ್ ಮುಂದೆಯೋ ಪ್ರೆಸ್ ಶಾಪ್‌ನಲ್ಲೋ ನಿಂತವರಿಗೆ, ಮನೆಯಲ್ಲಿ ಟಿವಿ ಜೋರಾಗಿ ಇಟ್ಟಿದ್ದಕ್ಕೆ ಬೈಸಿಕೊಂಡಾಗಲೇ ಅನುಮಾನ ಶುರುವಾಗುವುದು. ಆ ಹೊತ್ತಿಗೆ ತೋರಿಸಲು ಕಾಗದ ಒಂದೂ ಇರುವುದಿಲ್ಲ. ಕಾರ್ಮಿಕರೂ ಅವರ ಮನೆಯವರೂ ಪತ್ರದಲ್ಲಿ, ಮಾತಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಎಲ್ಲವೂ ಭಾರತದ ಕಾನೂನಿಗೆ ಸಂಬಂಧಿಸಿದವು.

## ಮೊದಲು ತಿಳಿಯಬೇಕಾದದ್ದು

ಅಪಘಾತವೇ ಆಗಿಲ್ಲ, ಸದ್ದಿನಿಂದ ಕಿವಿ ಮಂದವಾಗಿದೆ. ಅದಕ್ಕೂ ಪರಿಹಾರ ಉಂಟೇ?

ಉಂಟು. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಔದ್ಯೋಗಿಕ ರೋಗಗಳ ಪಟ್ಟಿ ಇದೆ. ಅದರ 'ಬಿ' ಭಾಗದಲ್ಲಿ ಶಬ್ದದಿಂದ ಉಂಟಾಗುವ ಶ್ರವಣ ದೋಷವನ್ನು ಹೆಸರಿಸಲಾಗಿದೆ. 1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆಯ ಪಟ್ಟಿಯಲ್ಲೂ ಅದು ಇದೆ. ಪಟ್ಟಿಯಲ್ಲಿರುವ ರೋಗ ಬಂದರೆ ಅದನ್ನು ಅಪಘಾತದಿಂದ ಆದ ಗಾಯವೆಂದೇ ಕಾನೂನು ಪರಿಗಣಿಸುತ್ತದೆ.

ಷರತ್ತು ಮುಖ್ಯವಾಗಿ ಎರಡು. ಕೆಲಸವು ಆ ಸದ್ದಿಗೆ ಮೈಯೊಡ್ಡುವ ಕೆಲಸವಾಗಿರಬೇಕು. ಒಬ್ಬನೇ ಮಾಲೀಕನ ಬಳಿ ಅಂಥ ಕೆಲಸದಲ್ಲಿ ಸತತವಾಗಿ ಕನಿಷ್ಠ ಆರು ತಿಂಗಳು ಇದ್ದಿರಬೇಕು. ಇವೆರಡು ಸಾಬೀತಾದರೆ ರೋಗ ಕೆಲಸದಿಂದಲೇ ಬಂದದ್ದು ಎಂದು ಊಹಿಸಲಾಗುತ್ತದೆ. ಅಲ್ಲ ಎನ್ನುವ ಮಾಲೀಕ ಅದನ್ನು ತಾನೇ ಸಾಬೀತುಪಡಿಸಬೇಕು. ಈ ಒಂದು ಸಾಲಿನ ಬೆಲೆ ಬಹಳ ಜನರಿಗೆ ಗೊತ್ತಿಲ್ಲ. ಪುರಾವೆಯ ಹೊರೆಯೆಲ್ಲ ತಮ್ಮ ತಲೆಯ ಮೇಲೆಯೇ ಇದೆ ಎಂದುಕೊಂಡು ಅರ್ಜಿಯನ್ನೇ ಹಾಕದೆ ಸುಮ್ಮನಾಗುತ್ತಾರೆ.

ಒಂದೇ ಸಲ ದೊಡ್ಡ ಸ್ಫೋಟವಾಗಿ ಕಿವಿ ಹೋಗಿದೆ. ಆರು ತಿಂಗಳ ನಿಯಮ ನನಗೂ ಬರುತ್ತದೆಯೇ?

ಬರುವುದಿಲ್ಲ. ಬಾಯ್ಲರ್ ಸಿಡಿದೋ ಸಿಲಿಂಡರ್ ಒಡೆದೋ ಕಿವಿಗೆ ಪೆಟ್ಟಾದರೆ ಅದು ನೇರವಾಗಿ ಅಪಘಾತ. ಕೆಲಸಕ್ಕೆ ಸೇರಿದ ಮೊದಲ ದಿನವೇ ಆಗಿದ್ದರೂ ಹಕ್ಕು ಇದೆ. ಆ ದಿನದ ಅಪಘಾತ ವರದಿಯ ಪ್ರತಿ ಮತ್ತು ಆಸ್ಪತ್ರೆಯ ಮೊದಲ ಚೀಟಿಯನ್ನು ಜೋಪಾನವಾಗಿಡಿ.

ನಮ್ಮ ಕಾರ್ಖಾನೆಯ ಸದ್ದು ಕಿವಿ ಕೆಡಿಸುವಷ್ಟು ಇದೆಯೇ ಎಂದು ಹೇಗೆ ಗೊತ್ತಾಗುತ್ತದೆ?

ಒಂದು ತೋಳಿನಷ್ಟು ದೂರದಲ್ಲಿ ನಿಂತವರೊಡನೆ ಮಾತನಾಡಲು ಕೂಗಬೇಕಾಗುತ್ತದೆಯೇ? ಪಾಳಿ ಮುಗಿಸಿ ಹೊರಗೆ ಬಂದಾಗ ಕಿವಿ ಗುಂಯ್ ಎನ್ನುತ್ತದೆಯೇ? ಹಾಗಿದ್ದರೆ ಅನುಮಾನಿಸಲು ಕಾರಣವಿದೆ. ಇನ್ನು ಅಂಕಿಯ ಮಾತು: ಕಾರ್ಖಾನೆ ನಿಯಮಗಳಲ್ಲಿ ಎಂಟು ಗಂಟೆಯ ಪಾಳಿಗೆ ಮಿತಿ 90 ಡೆಸಿಬೆಲ್. ಸದ್ದು 5 ಡೆಸಿಬೆಲ್ ಏರಿದಂತೆ ಸಮಯ ಅರ್ಧಕ್ಕೆ ಇಳಿಯುತ್ತದೆ. 95ಕ್ಕೆ ನಾಲ್ಕು ಗಂಟೆ, 100ಕ್ಕೆ ಎರಡು, 105ಕ್ಕೆ ಒಂದು, 115ಕ್ಕೆ ಕಾಲು ಗಂಟೆ ಮಾತ್ರ.

90ರ ಒಳಗೆ ಇದ್ದರೆ ಕಿವಿ ಕ್ಷೇಮ ಎಂದು ಇದರ ಅರ್ಥವಲ್ಲ. ವರ್ಷಗಟ್ಟಲೆ ಪ್ರತಿದಿನ ಎಂಟು ಗಂಟೆ 85 ಡೆಸಿಬೆಲ್ ಕೇಳಿದರೂ ಕೆಲವರ ಕಿವಿ ಹಾಳಾಗುತ್ತದೆ. ಗಣಿಗಳ ವಿಷಯದಲ್ಲಿ 85ನ್ನು ಎಚ್ಚರಿಕೆಯ ಮಟ್ಟ, 90ನ್ನು ಅಪಾಯದ ಮಟ್ಟ ಎಂದು ಬಹಳ ಹಿಂದೆಯೇ ಗುರುತಿಸಲಾಗಿದೆ. ಅನುಸೂಚಿಯಲ್ಲಿ ಡೆಸಿಬೆಲ್ ಲೆಕ್ಕ ಬರೆದಿಲ್ಲ ಎಂಬುದನ್ನೂ ನೆನಪಿಡಿ. 'ನಮ್ಮಲ್ಲಿ 88 ಮಾತ್ರ ಇದೆ' ಎಂಬ ವಾದದಿಂದಲೇ ಅರ್ಜಿ ಬಿದ್ದುಹೋಗುವುದಿಲ್ಲ.

ಇಎಸ್‌ಐ ಕಾರ್ಡ್ ಇದೆ. ಅಲ್ಲಿಯೂ ಪಡೆದು ಕಂಪನಿಯಿಂದಲೂ ಪರಿಹಾರ ಕೇಳಬಹುದೇ?

ಆಗದು. ಇಎಸ್‌ಐ ವ್ಯಾಪ್ತಿಯಲ್ಲಿರುವವರು ಅದೇ ಹಾನಿಗೆ ಮಾಲೀಕನಿಂದ ನೌಕರರ ಪರಿಹಾರ ಕಾಯ್ದೆಯಡಿ ಹಣ ಕೇಳುವುದನ್ನು ಇಎಸ್‌ಐ ಕಾಯ್ದೆಯ 53ನೆಯ ಕಲಂ ತಡೆಯುತ್ತದೆ. 2017ರ ಜನವರಿಯಿಂದ ಇಎಸ್‌ಐ ವೇತನ ಮಿತಿ ತಿಂಗಳಿಗೆ ₹21,000. ಅಂಗವಿಕಲ ನೌಕರರಿಗೆ ₹25,000. ಮಿತಿಯ ಒಳಗಿರುವವರ ದಾರಿ ಇಎಸ್‌ಐ, ಅದರ ವ್ಯಾಪ್ತಿಗೆ ಬಾರದವರ ದಾರಿ ನೌಕರರ ಪರಿಹಾರ ಕಾಯ್ದೆಯ ಪ್ರಕರಣಗಳನ್ನು ತೀರ್ಮಾನಿಸುವ ಪರಿಹಾರ ಆಯುಕ್ತರ ಮುಂದೆ. ಯಾವ ಬಾಗಿಲು ತಟ್ಟಬೇಕೆಂದು ಮೊದಲೇ ಖಚಿತಪಡಿಸಿಕೊಳ್ಳಿ. ತಪ್ಪಿದ ಬಾಗಿಲ ಮುಂದೆ ಎರಡು ವರ್ಷ ಕಾದು ಮರಳಿದವರು ಕಡಿಮೆಯಿಲ್ಲ.

ಕಂಪನಿ ಇಎಸ್‌ಐ ವ್ಯಾಪ್ತಿಗೆ ಬಂದಿದ್ದರೂ ನಿಮ್ಮ ಹೆಸರು ನೋಂದಾಯಿಸದೆ ಬಿಟ್ಟಿದ್ದರೆ, ಆ ತಪ್ಪಿನಿಂದ ನಿಮ್ಮ ಹಕ್ಕು ಹೋಗುವುದಿಲ್ಲ. ಇಎಸ್‌ಐ ನಿಗಮವು ನಿಮಗೆ ಸೌಲಭ್ಯ ಕೊಟ್ಟು ಆ ವೆಚ್ಚವನ್ನು ಮಾಲೀಕನಿಂದ ವಸೂಲು ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ.

ನಾನು ಗುತ್ತಿಗೆದಾರನ ಕಡೆಯವನು. ನೇಮಕ ಪತ್ರವೂ ಇಲ್ಲ. ಯಾರನ್ನು ಕೇಳಲಿ?

ಇಬ್ಬರನ್ನೂ. ಕೆಲಸ ಯಾರ ವ್ಯವಹಾರದ ಭಾಗವಾಗಿ ನಡೆಯಿತೋ ಆ ಮೂಲ ಮಾಲೀಕನೇ ಪರಿಹಾರ ಕೊಡಬೇಕೆಂದು ನೌಕರರ ಪರಿಹಾರ ಕಾಯ್ದೆಯ 12ನೆಯ ಕಲಂ ಹೇಳುತ್ತದೆ. ಆಮೇಲೆ ಅವನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ನೇಮಕ ಪತ್ರವಿಲ್ಲದಿದ್ದರೆ ಗೇಟ್ ಪಾಸ್, ಬ್ಯಾಂಕಿಗೆ ಬಂದ ಸಂಬಳದ ನಮೂದು, ಪಿಎಫ್ ಪಾಸ್‌ಬುಕ್, ಪಾಳಿಯ ಪಟ್ಟಿಯ ಫೋಟೋ, ಜೊತೆಗೆ ದುಡಿದವರ ಸಾಕ್ಷ್ಯ ಎಲ್ಲವೂ ನೆರವಿಗೆ ಬರುತ್ತವೆ. ಪಾಳಿ ಪಟ್ಟಿಯ ಒಂದು ಹಳೆಯ ಫೋಟೋ ಕೆಲವೊಮ್ಮೆ ಹತ್ತು ಸಾಕ್ಷಿಗಳ ಕೆಲಸ ಮಾಡುತ್ತದೆ.

ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ ಇದೆಲ್ಲ ರದ್ದಾಗಿದೆ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಾಗ ಈ ಎರಡೂ ಹಳೆಯ ಕಾಯ್ದೆಗಳು ಅದರೊಳಗೆ ಸೇರಿದವು. ಶಬ್ದದಿಂದಾಗುವ ಶ್ರವಣ ದೋಷ ಹೊಸ ಸಂಹಿತೆಯ ಪಟ್ಟಿಯಲ್ಲೂ ಉಳಿದಿದೆ; ಹಕ್ಕಿನ ಚೌಕಟ್ಟು ಹೆಚ್ಚು ಕಡಿಮೆ ಹಾಗೆಯೇ ಇದೆ. ವೇತನ ಮಿತಿ, ಕನಿಷ್ಠ ಮೊತ್ತ, ಬಡ್ಡಿಯಂಥ ಅಂಕಿಗಳನ್ನು ಸಂಹಿತೆಯಡಿ ಸರ್ಕಾರ ಅಧಿಸೂಚನೆಯ ಮೂಲಕ ನಿಗದಿಪಡಿಸುತ್ತದೆ. ಹಾನಿ ಯಾವ ದಿನಾಂಕಕ್ಕೆ ಸೇರಿದ್ದೋ ಆ ದಿನದ ಕಾನೂನು ಅನ್ವಯವಾಗುವುದು ಸಾಮಾನ್ಯ ತತ್ತ್ವ. ಹೀಗಾಗಿ ಹಳೆಯ ಪ್ರಕರಣಗಳಿಗೆ ಹಳೆಯ ಕಾಯ್ದೆಯೇ ಅಳತೆಗೋಲು. ಈ ಬರಹದಲ್ಲಿ ಕೊಟ್ಟ ಕಲಂ ಸಂಖ್ಯೆಗಳೂ ಮೊತ್ತಗಳೂ ಹಳೆಯ ಕಾಯ್ದೆಗಳವು.

## ಪುರಾವೆಯ ವಿಚಾರ

'ವಯಸ್ಸಾಗಿದೆ, ಸಕ್ಕರೆ ಕಾಯಿಲೆಯೂ ಇದೆ, ಅದಕ್ಕೇ ಕಿವಿ ಕೇಳುವುದಿಲ್ಲ' ಎನ್ನುತ್ತಾರೆ. ಏನು ಉತ್ತರ ಕೊಡಲಿ?

ಉತ್ತರ ನಿಮ್ಮ ಆಡಿಯೋಗ್ರಾಂ ಕೊಡಬೇಕು, ಅಂದರೆ ಯಾವ ಸ್ವರ ಎಷ್ಟು ಕೇಳುತ್ತದೆ ಎಂದು ಗೆರೆ ಎಳೆದು ತೋರಿಸುವ ಕಿವಿ ಪರೀಕ್ಷೆಯ ವರದಿ. ಒಳಕಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಕಾಕ್ಲಿಯಾ ಎಂಬ ಭಾಗವಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಸದ್ದನ್ನು ನರದ ಸಂಕೇತವಾಗಿ ಬದಲಿಸುತ್ತವೆ. ಸತತ ಸದ್ದಿಗೆ ಅವು ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಪೆಟ್ಟು ಬೀಳುವುದು ಹೆಚ್ಚಾಗಿ 4,000 ಹರ್ಟ್ಜ್ ಆಸುಪಾಸಿನ ಸ್ವರಗಳನ್ನು ಹಿಡಿಯುವ ಕೋಶಗಳಿಗೆ. ಆದ್ದರಿಂದ ಆಡಿಯೋಗ್ರಾಂನ ಗೆರೆ 4,000ದ ಬಳಿ ಗುಂಡಿಗೆ ಬಿದ್ದಂತೆ ಇಳಿದು 8,000ಕ್ಕೆ ಸ್ವಲ್ಪ ಮೇಲೇಳುತ್ತದೆ. ವಯಸ್ಸಿನ ಕಿವುಡಿನಲ್ಲಿ ಆ ಮೇಲೇಳುವಿಕೆ ಇರುವುದಿಲ್ಲ. ಗೆರೆ ಇಳಿಜಾರಿನಂತೆ ಇಳಿಯುತ್ತಲೇ ಹೋಗುತ್ತದೆ. ಸದ್ದಿನ ಹಾನಿ ಸಾಮಾನ್ಯವಾಗಿ ಎರಡೂ ಕಿವಿಗೆ ಸರಿಸುಮಾರು ಒಂದೇ ಪ್ರಮಾಣದಲ್ಲಿ ಇರುತ್ತದೆ ಎಂಬುದು ಇನ್ನೊಂದು ಗುರುತು.

ಇಲ್ಲಿ ಒಂದು ತೊಡಕಿದೆ. ವರ್ಷಗಳು ಕಳೆದಂತೆ ಆ ಗುಂಡಿ ಅಗಲವಾಗಿ, ವಯಸ್ಸಿನ ಇಳಿಜಾರಿನೊಂದಿಗೆ ಬೆರೆತು, ಯಾವುದು ಯಾವುದೆಂದು ಹೇಳುವುದೇ ಕಷ್ಟವಾಗುತ್ತದೆ. ನಲವತ್ತರ ವಯಸ್ಸಿನಲ್ಲಿ ಮಾಡಿಸಿದ ಒಂದು ಆಡಿಯೋಗ್ರಾಂ ಅರವತ್ತರಲ್ಲಿ ಮಾಡಿಸಿದ ಐದಕ್ಕಿಂತ ಬೆಲೆಯುಳ್ಳದ್ದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಸಕ್ಕರೆ ಕಾಯಿಲೆ, ಕ್ಷಯಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್‌ನಂಥ ಔಷಧ, ಕಿವಿ ಸೋರುವ ಹಳೆಯ ರೋಗ ಇವೆಲ್ಲ ಕಿವಿಗೆ ಕೆಡುಕೇ. ಅವುಗಳನ್ನು ಮುಚ್ಚಿಡಬೇಡಿ. ಇನ್ನೊಂದು ಕಾರಣ ಇದೆ ಎಂದ ಮಾತ್ರಕ್ಕೆ ಕೆಲಸದ ಪಾಲು ಅಳಿಸಿಹೋಗುವುದಿಲ್ಲ. ಮುಚ್ಚಿಟ್ಟದ್ದು ಅಡ್ಡಸವಾಲಿನಲ್ಲಿ ಹೊರಬಿದ್ದರೆ ಮಾತ್ರ ನಿಮ್ಮ ಉಳಿದ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಅಂದಹಾಗೆ, ಬಣ್ಣ, ಥಿನ್ನರ್, ಟಾಲ್ವೀನ್‌ನಂಥ ದ್ರಾವಕಗಳ ನಡುವೆ ಕೆಲಸ ಮಾಡಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಸದ್ದಿನ ಜೊತೆ ಅವೂ ಸೇರಿದರೆ ಕಿವಿಗೆ ಹಾನಿ ಹೆಚ್ಚು.

ಯಾವ ಪರೀಕ್ಷೆ ಮಾಡಿಸಬೇಕು? ಎಲ್ಲಿ?

ಪ್ಯೂರ್ ಟೋನ್ ಆಡಿಯೋಮೆಟ್ರಿ. ಆಡಿಯೋಗ್ರಾಂ ಸಿಗುವುದು ಇದರಿಂದಲೇ. ಪಾಳಿ ಮುಗಿಸಿ ನೇರವಾಗಿ ಹೋಗಬೇಡಿ. ಸದ್ದಿನಿಂದ ಬಂದ ಕಿವಿಗೆ ತಾತ್ಕಾಲಿಕ ಮಂಕು ಇರುತ್ತದೆ, ಫಲಿತಾಂಶ ಅದರಿಂದ ಕೆಡುತ್ತದೆ. ವಾರದ ರಜೆ ಕಳೆದ ಬೆಳಗ್ಗೆ ಹೋಗುವುದು ಒಳ್ಳೆಯದು. ಕನಿಷ್ಠ ಹದಿನಾಲ್ಕರಿಂದ ಹದಿನಾರು ಗಂಟೆ ಸದ್ದಿನಿಂದ ದೂರವಿರಬೇಕು.

ಕೇಳಿಸಿದಾಗ ನೀವೇ ಗುಂಡಿ ಒತ್ತುವ ಪರೀಕ್ಷೆ ಇದಾದ್ದರಿಂದ ನಟನೆಯ ಆರೋಪ ಬರಬಹುದು. ಆಗ ಮಿದುಳಿನ ಪ್ರತಿಕ್ರಿಯೆಯನ್ನೇ ಅಳೆಯುವ ಬೆರಾ ಪರೀಕ್ಷೆ ಮಾಡಿಸಬಹುದು. ಅದರಲ್ಲಿ ನಿಮ್ಮ ಸಹಕಾರ ಬೇಕಿಲ್ಲ, ನಟನೆಗೂ ಎಡೆಯಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಕಿವಿ ಮೂಗು ಗಂಟಲು ವಿಭಾಗಗಳಲ್ಲಿ ಮಾಡಿಸಿದ ವರದಿಗೆ ತೂಕ ಹೆಚ್ಚು. ಶ್ರವಣ ಸಾಧನ ಮಾರುವ ಅಂಗಡಿಯ ಉಚಿತ ಪರೀಕ್ಷೆಯ ಚೀಟಿಯನ್ನೇ ನಂಬಿ ಮೊಕದ್ದಮೆ ಹೂಡಬೇಡಿ.

ವರ್ಷವೂ ಕಂಪನಿಯವರೇ ಕಿವಿ ಪರೀಕ್ಷೆ ಮಾಡಿಸುತ್ತಾರೆ, ವರದಿ ಮಾತ್ರ ಕೈಗೆ ಕೊಡುವುದಿಲ್ಲ.

ಮಿತಿ ಮೀರಿದ ಸದ್ದಿನಲ್ಲಿ ದುಡಿಯುವವರಿಗೆ ಸೇರುವಾಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಬೇಕೆಂದು ಕಾರ್ಖಾನೆ ನಿಯಮಗಳಿವೆ. ನಿಮ್ಮ ಪ್ರಕರಣಕ್ಕೆ ಇದಕ್ಕಿಂತ ಗಟ್ಟಿಯಾದ ದಾಖಲೆ ಬೇರೆ ಇಲ್ಲ. ಸೇರಿದ ವರ್ಷದ ವರದಿಯಲ್ಲಿ ಕಿವಿ ಸರಿಯಿದ್ದು ಹತ್ತನೆಯ ವರ್ಷದಲ್ಲಿ ಹಾಳಾಗಿದ್ದರೆ ನಡುವೆ ಆದದ್ದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಕಂಪನಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ದೂರು ಕೊಡಿ; ಇಲಾಖೆಯ ಬಳಿ ಇರುವ ತಪಾಸಣಾ ವರದಿಗಳನ್ನು ಮಾಹಿತಿ ಹಕ್ಕಿನಡಿ ಕೇಳಿ. ಪ್ರಕರಣ ದಾಖಲಾದ ಮೇಲಾದರೆ ಕಂಪನಿಯ ದಾಖಲೆ ತರಿಸುವ ಅಧಿಕಾರ ಆಯುಕ್ತರಿಗೇ ಇದೆ.

ಶಬ್ದದಿಂದಾದ ಕಿವುಡು ಕಾರ್ಖಾನೆ ಕಾಯ್ದೆಯಲ್ಲಿ ಅಧಿಸೂಚಿತ ರೋಗವೂ ಹೌದು. ಕಾರ್ಖಾನೆಯ ಮ್ಯಾನೇಜರ್ ಮಾತ್ರವಲ್ಲ, ರೋಗವನ್ನು ಗುರುತಿಸಿದ ವೈದ್ಯರೂ ಅದನ್ನು ಸರ್ಕಾರಕ್ಕೆ ವರದಿ ಮಾಡಬೇಕೆಂದು 89ನೆಯ ಕಲಂ ಹೇಳುತ್ತದೆ. ವೈದ್ಯರಿಗೆ ಇದನ್ನು ವಿನಯದಿಂದ ನೆನಪಿಸುವುದರಲ್ಲಿ ತಪ್ಪಿಲ್ಲ.

ಇಯರ್ ಪ್ಲಗ್ ಕೊಟ್ಟಿದ್ದರು. ನಾನು ಹಾಕಿಕೊಳ್ಳಲಿಲ್ಲ. ನನ್ನ ಹಕ್ಕು ಹೋಯಿತೇ?

ಅಷ್ಟು ಸುಲಭವಾಗಿ ಹೋಗುವುದಿಲ್ಲ. ಸುರಕ್ಷಾ ಸಾಧನವೆಂದು ತಿಳಿದಿದ್ದೂ ಉದ್ದೇಶಪೂರ್ವಕವಾಗಿ ಅದನ್ನು ಕಡೆಗಣಿಸಿದರೆ ಮಾಲೀಕ ಆ ವಾದವನ್ನು ಎತ್ತಬಹುದು. ಅದು ಕೇವಲ ಅಲಕ್ಷ್ಯವಲ್ಲ, ಬೇಕೆಂದೇ ಮಾಡಿದ್ದು ಎಂಬುದನ್ನು ಅವನೇ ತೋರಿಸಬೇಕು. ವರ್ಷಕ್ಕೊಂದು ಜೊತೆ ಪ್ಲಗ್ ಕೊಟ್ಟು ಸಹಿ ಹಾಕಿಸಿಕೊಂಡು, ಹಾಕಿಕೊಳ್ಳುವ ಬಗೆ ಕಲಿಸದೆ, ಹಾಕದವರನ್ನು ಎಂದೂ ಕೇಳದೆ ಬಿಟ್ಟ ಕಂಪನಿಯ ಬಾಯಲ್ಲಿ ಈ ವಾದ ನಿಲ್ಲುವುದು ಕಷ್ಟ. ಆ ಹಾನಿ ಶಾಶ್ವತ ಪೂರ್ಣ ಅಂಗವೈಕಲ್ಯದ ಮಟ್ಟದ್ದಾದರೆ, ಅಂದರೆ ಪೂರ್ಣ ಕಿವುಡಾದರೆ, ಈ ವಾದಕ್ಕೆ ಜಾಗವೇ ಇಲ್ಲ.

## ಹಣದ ಲೆಕ್ಕ

ಒಟ್ಟು ಎಷ್ಟು ಸಿಗಬಹುದು?

ಆಯುಕ್ತರ ಮುಂದಿನ ಲೆಕ್ಕ ಹೀಗೆ: ಮಾಸಿಕ ವೇತನದ ಶೇಕಡ 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ, ಗಳಿಕೆಯ ಸಾಮರ್ಥ್ಯ ಶೇಕಡ ಎಷ್ಟು ಹೋಗಿದೆಯೋ ಅಷ್ಟು ಭಾಗ ತೆಗೆದುಕೊಳ್ಳಬೇಕು. ವೇತನ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 2020ರ ಜನವರಿಯಿಂದ ಗರಿಷ್ಠ ₹15,000. ಅದಕ್ಕೂ ಮೊದಲು ಅದು ₹8,000 ಇತ್ತು. ಸಂಬಳ ₹26,000, ವಯಸ್ಸು 45 ಎಂದುಕೊಳ್ಳಿ. 15,000ದ ಶೇ. 60 ಅಂದರೆ ₹9,000. 45ರ ಗುಣಕ 169.44. ಗುಣಿಸಿದರೆ ₹15,24,960. ಗಳಿಕೆಯ ಸಾಮರ್ಥ್ಯ ಶೇ. 25 ಕುಗ್ಗಿದೆ ಎಂದು ತೀರ್ಮಾನವಾದರೆ ₹3,81,240.

ಪೂರ್ಣ ಕಿವುಡು ಒಂದನೆಯ ಅನುಸೂಚಿಯಲ್ಲಿ ನೇರವಾಗಿ ಶೇ. 100 ಎಂದೇ ಇದೆ. ಅರ್ಧಂಬರ್ಧ ಹೋದ ಕಿವಿಗೆ ಬೆರಳಿಗಿರುವಂಥ ಸಿದ್ಧ ಪಟ್ಟಿ ಇಲ್ಲ. ವೈದ್ಯರು ಪ್ರತಿ ಪ್ರಕರಣದಲ್ಲೂ ಅಂದಾಜಿಸಬೇಕು. ಜಗಳವೆಲ್ಲ ನಡೆಯುವುದು ಈ ಶೇಕಡದ ಮೇಲೆಯೇ. ಹಣ ಬಾಕಿಯಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ ಸೇರುತ್ತದೆ. ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೆ ದಂಡವನ್ನೂ ಹಾಕಬಹುದು. ಚಿಕಿತ್ಸೆಗೆ ತಗುಲಿದ ನಿಜವಾದ ಖರ್ಚನ್ನು ಬೇರೆಯಾಗಿ ಕೇಳಬಹುದು, ಬಿಲ್ಲುಗಳನ್ನು ಎಸೆಯಬೇಡಿ.

ಇಎಸ್‌ಐನಲ್ಲಿ ಒಮ್ಮೆಗೇ ದೊಡ್ಡ ಮೊತ್ತವಿಲ್ಲ, ತಿಂಗಳು ತಿಂಗಳು ಬರುವ ಹಣ. ಸರಾಸರಿ ದಿನಗೂಲಿಯ ಶೇ. 90 ಪೂರ್ಣ ದರ. ವೈದ್ಯಕೀಯ ಮಂಡಳಿ ಶೇ. 20 ನಷ್ಟ ಎಂದರೆ ಅದರ ಐದನೆಯ ಒಂದು ಭಾಗ. ದಿನಗೂಲಿ ₹600 ಇದ್ದವರಿಗೆ ಪೂರ್ಣ ದರ ₹540, ಶೇ. 20ಕ್ಕೆ ದಿನಕ್ಕೆ ₹108. ನೋಡಲು ಸಣ್ಣದು, ಆದರೆ ಜೀವನಪೂರ್ತಿ ಬರುತ್ತದೆ. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಅಥವಾ ನೌಕರರ ವಿಮಾ ನ್ಯಾಯಾಲಯಕ್ಕೆ ಹೋಗಬಹುದು.

ಈಗಲೂ ಅದೇ ಕೆಲಸ, ಅದೇ ಸಂಬಳ. ನಷ್ಟವೇ ಆಗಿಲ್ಲವಲ್ಲ ಎಂದರೆ?

ಕಾಯ್ದೆ ಕೇಳುವುದು ಗಳಿಕೆಯ ಸಾಮರ್ಥ್ಯವನ್ನು, ಈ ತಿಂಗಳ ಸಂಬಳದ ಚೀಟಿಯನ್ನಲ್ಲ. ಶಾಶ್ವತ ಭಾಗಶಃ ಹಾನಿಯ ವ್ಯಾಖ್ಯೆಯಲ್ಲಿ, ಆ ಸಮಯದಲ್ಲಿ ನೀವು ಮಾಡಬಲ್ಲವರಾಗಿದ್ದ ಎಲ್ಲ ಕೆಲಸಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ನಾಳೆ ಈ ಕಾರ್ಖಾನೆ ಮುಚ್ಚಿದರೆ ಕಿವಿ ಮಂದವಾದ ನಿಮ್ಮನ್ನು ಚಾಲಕನಾಗಿಯೋ ಕಾವಲುಗಾರನಾಗಿಯೋ ಕ್ರೇನ್ ನಡೆಸುವವನಾಗಿಯೋ ಯಾರು ತೆಗೆದುಕೊಳ್ಳುತ್ತಾರೆ? 1970ರ ದಶಕದಲ್ಲಿ ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ, ಒಂದೇ ಕೈಯಿಂದ ಮರಗೆಲಸ ಆಗದು ಎಂದು ಸುಪ್ರೀಂ ಕೋರ್ಟ್ ಅದನ್ನು ಪೂರ್ಣ ಹಾನಿಯೆಂದೇ ಎಣಿಸಿತು. ಕಿವಿಯಿಂದಲೇ ಯಂತ್ರದ ದೋಷ ಹಿಡಿಯುವ ಮೆಕ್ಯಾನಿಕ್, ಟೆಲಿಫೋನ್ ಆಪರೇಟರ್ ಮೊದಲಾದವರು ಈ ದಾರಿಯಲ್ಲಿ ವಾದಿಸಬಹುದು.

ಅಂಗವಿಕಲರ ಕಾರ್ಡಿಗೆ ನನ್ನ ಕಿವುಡು ಸಾಲದು ಎಂದರು. ಪರಿಹಾರವೂ ಇಲ್ಲವೇ?

ಎರಡಕ್ಕೂ ಸಂಬಂಧವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ ಮಾತಿನ ಸ್ವರಗಳಿಗೆ 60ರಿಂದ 70 ಡೆಸಿಬೆಲ್ ನಷ್ಟವಿದ್ದರೆ ಮಂದ ಶ್ರವಣ, 70 ಇದ್ದರೆ ಕಿವುಡು. ಪರಿಹಾರದ ಕಾನೂನಿನಲ್ಲಿ ಇಂಥ ಹೊಸ್ತಿಲಿಲ್ಲ. 40 ಡೆಸಿಬೆಲ್ ನಷ್ಟದವರೂ ಅರ್ಜಿ ಹಾಕಬಹುದು. ಸರ್ಕಾರಿ ಸಂಸ್ಥೆಗಳಲ್ಲಿ ಇರುವವರಿಗೆ ಆ ಕಾಯ್ದೆಯಿಂದ ಇನ್ನೊಂದು ರಕ್ಷಣೆಯಿದೆ: ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ.

## ಗಂಟು ಬಿದ್ದ ಪ್ರಶ್ನೆಗಳು

ಕೆಲಸ ಬಿಟ್ಟು ವರ್ಷಗಳಾಗಿವೆ. ಈಗ ಅರ್ಜಿ ಹಾಕಬಹುದೇ?

ಅವಧಿ ಎರಡು ವರ್ಷ. ಎಂದಿನಿಂದ ಎಂಬುದೇ ಪ್ರಶ್ನೆ. ರೋಗದಿಂದ ಕೆಲಸಕ್ಕೆ ಹೋಗಲಾಗದೆ ಉಳಿದಿದ್ದರೆ, ಹಾಗೆ ಸತತವಾಗಿ ಉಳಿದ ಮೊದಲ ದಿನದಿಂದ. ಕಿವಿ ಮಂದವಾದರೂ ಕೆಲಸಕ್ಕೆ ಹೋಗುತ್ತಲೇ ಇದ್ದರೆ, ನೀವು ಮಾಲೀಕನಿಗೆ ಆ ದೋಷದ ಬಗ್ಗೆ ನೋಟಿಸು ಕೊಟ್ಟ ದಿನದಿಂದ. ಬಹುತೇಕರು ಈ ಎರಡನೆಯ ಗುಂಪಿನವರು. ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಾಣಿಸಿದರೆ, ಅದು ಮೊದಲು ಪತ್ತೆಯಾದ ದಿನವೇ ಅಪಘಾತದ ದಿನ. ವೈದ್ಯರ ಚೀಟಿಯ ಮೇಲಿನ ದಿನಾಂಕ ಅದಕ್ಕೇ ಮುಖ್ಯ.

ಅವಧಿ ಮೀರಿದ್ದರೂ ತಕ್ಕ ಕಾರಣ ತೋರಿಸಿದರೆ ವಿಳಂಬ ಮನ್ನಿಸುವ ಅಧಿಕಾರ ಆಯುಕ್ತರಿಗಿದೆ. 2017ರ ತಿದ್ದುಪಡಿಯ ಪ್ರಕಾರ, ಪರಿಹಾರದ ಹಕ್ಕನ್ನು ನೌಕರನಿಗೆ ಸೇರುವಾಗಲೇ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ತಿಳಿಸುವುದು ಮಾಲೀಕನ ಕರ್ತವ್ಯ. ತಪ್ಪಿದರೆ ₹50,000ದಿಂದ ₹1 ಲಕ್ಷದವರೆಗೆ ದಂಡ. ಹಾಗೆ ತಿಳಿಸದ ಮಾಲೀಕ 'ತಡವಾಗಿ ಬಂದೆ' ಎಂದಾಗ ಇದನ್ನು ಎತ್ತಿ ತೋರಿಸಿ.

ನಾಲ್ಕು ಕಾರ್ಖಾನೆಗಳಲ್ಲಿ ದುಡಿದಿದ್ದೇನೆ. ಯಾರು ಹೊಣೆ?

ಇದು ಈ ಕಾಯ್ದೆಯ ಹಳೆಯ ಹುಣ್ಣು. ಧೂಳಿನಿಂದ ಬರುವ ಶ್ವಾಸಕೋಶದ ರೋಗಗಳಂಥ ಮೂರನೆಯ ಅನುಸೂಚಿಯ 'ಸಿ' ಭಾಗದ ರೋಗಗಳಿಗೆ ಹಿಂದಿನ ಎಲ್ಲ ಮಾಲೀಕರ ಮೇಲೂ ಹೊಣೆಯನ್ನು ಹಂಚಬಹುದು. ಕಿವುಡು ಇರುವುದು 'ಬಿ' ಭಾಗದಲ್ಲಿ. ಅಲ್ಲಿ ಆರು ತಿಂಗಳನ್ನು ಒಬ್ಬನೇ ಮಾಲೀಕನ ಬಳಿ ಪೂರೈಸಿರಬೇಕು, ಬೇರೆಯವರ ಬಳಿಯ ಸೇವೆಯನ್ನು ಕೂಡಿಸುವಂತಿಲ್ಲ. ನಾಲ್ಕು ತಿಂಗಳಿಗೊಮ್ಮೆ ಗುತ್ತಿಗೆದಾರ ಬದಲಾಗುವ ಕಡೆ ಇದರಿಂದ ಆಗುವ ಅನ್ಯಾಯ ಹೇಳಬೇಕಾಗಿಲ್ಲ. ಅಂಥಲ್ಲಿ ಗುತ್ತಿಗೆದಾರ ಯಾರೇ ಆಗಿರಲಿ, ಮೂಲ ಮಾಲೀಕ ಒಬ್ಬನೇ ಎಂಬ ವಾದವನ್ನು ಮುಂದಿಡಬೇಕು. ಬೇರೆ ಬೇರೆ ಕಾರ್ಖಾನೆಗಳಾದರೆ, ಸದ್ದಿನಲ್ಲಿ ಆರು ತಿಂಗಳಿಗಿಂತ ಹೆಚ್ಚು ಇದ್ದ, ಹಾನಿ ಕಾಣಿಸಿಕೊಂಡ ಕಾಲದ ಮಾಲೀಕನ ವಿರುದ್ಧ ಹೋಗುವುದು ವಾಡಿಕೆಯ ದಾರಿ.

ಸ್ವಯಂ ನಿವೃತ್ತಿ ಪಡೆದಾಗ 'ಇನ್ನು ಯಾವ ಬಾಕಿಯೂ ಇಲ್ಲ' ಎಂದು ಸಹಿ ಮಾಡಿದ್ದೇನೆ.

ಆ ಸಹಿಯಿಂದ ಪರಿಹಾರದ ಹಕ್ಕು ಹೋಗುವುದಿಲ್ಲ. ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಅಷ್ಟರ ಮಟ್ಟಿಗೆ ಅಸಿಂಧು ಎಂದು ನೌಕರರ ಪರಿಹಾರ ಕಾಯ್ದೆಯ 17ನೆಯ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ಅರ್ಜಿ ಎಲ್ಲಿ ಹಾಕಬೇಕು? ವಕೀಲರಿಗೆ ಕೊಡಲು ಹಣವಿಲ್ಲ.

ಕಾರ್ಖಾನೆ ಇರುವ ಊರಿಗೇ ಅಲೆಯಬೇಕಿಲ್ಲ. ನೀವು ವಾಸವಿರುವ ಪ್ರದೇಶದ ಆಯುಕ್ತರ ಮುಂದೆಯೂ ಹಾಕಬಹುದು. ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಮೂರು ತಿಂಗಳಲ್ಲಿ ಪ್ರಕರಣ ಮುಗಿಸಬೇಕೆಂದು ಕಾಯ್ದೆಯಲ್ಲಿದೆ. ಅದನ್ನು ನಂಬಿ ಸಾಲ ಮಾಡಬೇಡಿ, ವರ್ಷಗಳೇ ಹಿಡಿಯಬಹುದು. ನೋಟಿಸು ತಲುಪಿದ ಮೇಲೆ ಮಾಲೀಕನು ಮೂರು ದಿನದೊಳಗೆ ತನ್ನ ಖರ್ಚಿನಲ್ಲಿ ವೈದ್ಯಕೀಯ ಪರೀಕ್ಷೆಗೆ ಕರೆದರೆ ಹೋಗಿ. ನಿರಾಕರಿಸಿದರೆ ನಿಮ್ಮ ಹಕ್ಕೇ ಅಮಾನತಾಗುತ್ತದೆ. ಹೋಗುವಾಗ ನಿಮ್ಮ ಆಡಿಯೋಗ್ರಾಂನ ಜೆರಾಕ್ಸ್ ಒಯ್ಯಿರಿ, ಮೂಲ ಪ್ರತಿ ಮನೆಯಲ್ಲಿರಲಿ.